ಸದ್ದು ಎಲ್ಲಿ ಹೋಯಿತು?



ಇಂದಿನ ಧಮ್ಮ ಚಿಂತನೆ



ಪಟಿಚ್ಚಸಮುಪ್ಪಾದದ ಪಾಠ ಬಂದಾಗಲೆಲ್ಲ ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಅವಿಜ್ಜೆಯಿಂದ ಹಿಡಿದು ಜರಾಮರಣದವರೆಗೆ ಹನ್ನೆರಡು ಕೊಂಡಿಗಳ ಹೆಸರು ಬಾಯಿಗೆ ಬಂತು. ಆದರೆ ಇದನ್ನು ಮನೆಯೊಳಗೆ ಎಲ್ಲಿ ನೋಡೋದು?" ಇವತ್ತು ಅದಕ್ಕೆ ತೀರಾ ಸಣ್ಣದೊಂದು ಉದಾಹರಣೆ ತೆಗೆದುಕೊಳ್ಳೋಣ. ಮಕ್ಕಳು ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಿರುವಾಗ ಇದ್ದಕ್ಕಿದ್ದ ಹಾಗೆ ಸೌಂಡ್ ನಿಂತುಹೋಗುತ್ತದಲ್ಲ, ಅದು. ಇದೂ ಒಂದು ಧಮ್ಮದ ವಿಷಯವೇ ಎಂದು ನಗಬೇಡಿ. ದೊಡ್ಡ ದುಃಖ ಬಂದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎನ್ನುವುದನ್ನು ಇಂಥ ಸಣ್ಣ ದುಃಖಗಳಲ್ಲಿಯೇ ಕಲಿತಿರುತ್ತೇವೆ.

ಸದ್ದು ನಿಂತ ಆ ಗಳಿಗೆಯಲ್ಲಿ ಬಾಯಿಂದ ಬರುವ ಮಾತುಗಳನ್ನು ಗಮನಿಸಿ. ಒಬ್ಬ ಹೇಳುತ್ತಾನೆ, "ನನ್ನ ಹಣೆಬರಹವೇ ಇಷ್ಟು, ಗೆಲ್ಲೋ ಹೊತ್ತಿಗೇ ಹಿಂಗಾಗತ್ತೆ." ಇನ್ನೊಬ್ಬ ಹೇಳುತ್ತಾನೆ, "ದೇವರೇ ಬೇಡ ಅಂದ ಮೇಲೆ ಯಾರೇನ್ ಮಾಡೋದು." ಮತ್ತೊಬ್ಬ, "ಏನೂ ಆಗಿಲ್ಲಪ್ಪ, ಸುಮ್ನೆ ತಾನಾಗೇ ನಿಂತೋಯ್ತು." ತಮಾಷೆಯ ಮಾತುಗಳೇ ಸರಿ. ಆದರೆ ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿ ಭಗವಾನರು ಎದುರಿಗಿಟ್ಟುಕೊಂಡು ಪರೀಕ್ಷಿಸಿದ್ದು ಈ ಮೂರನ್ನೇ. ಎಲ್ಲವೂ ಹಿಂದೆ ಮಾಡಿದ ಕಮ್ಮದಿಂದ ಎನ್ನುವುದು ಒಂದು. ಎಲ್ಲವೂ ಈಶ್ವರನ ಸೃಷ್ಟಿಯಿಂದ ಎನ್ನುವುದು ಎರಡು. ಯಾವುದಕ್ಕೂ ಹೇತುವೂ ಇಲ್ಲ, ಪ್ರತ್ಯಯವೂ ಇಲ್ಲ ಎನ್ನುವುದು ಮೂರು. ಈ ಮೂರರಲ್ಲಿ ಯಾವುದನ್ನು ಗಟ್ಟಿಯಾಗಿ ಹಿಡಿದರೂ ಕೊನೆಗೆ ಕೈಕಟ್ಟಿ ಕೂರುವುದೇ ಉಳಿಯುತ್ತದೆ, ಇದನ್ನು ಮಾಡಬೇಕು, ಇದನ್ನು ಮಾಡಬಾರದು ಎಂಬ ಪ್ರಯತ್ನಕ್ಕೆ ಜಾಗವೇ ಇರುವುದಿಲ್ಲ ಎಂಬುದು ಅಲ್ಲಿನ ವಾದದ ತಿರುಳು.

ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕನಿಗೆ ಕೊಟ್ಟ ಉತ್ತರವನ್ನೂ ಇದರ ಜೊತೆಗೆ ಇಟ್ಟುಕೊಳ್ಳಿ. ನಮಗೆ ಆಗುವ ಸುಖದುಃಖಗಳೆಲ್ಲ ಹಳೆಯ ಕಮ್ಮದ ಫಲವೇ ಎಂದು ಅವನು ಕೇಳಿದಾಗ ಭಗವಾನರು ಎಂಟು ಕಾರಣಗಳನ್ನು ಎಣಿಸಿದರು. ಪಿತ್ತ, ಕಫ, ವಾತ, ಇವು ಮೂರೂ ಕೂಡಿ ಕೆಡುವುದು, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಬೇರೆಯವರಿಂದ ಬೀಳುವ ಪೆಟ್ಟು, ಕೊನೆಗೆ ಕಮ್ಮವಿಪಾಕ. ಎಂಟರಲ್ಲಿ ಕಮ್ಮ ಒಂದು ಮಾತ್ರ. ಮಿಕ್ಕ ಏಳನ್ನೂ ಕಣ್ಣಾರೆ ಕಂಡು, ಪರೀಕ್ಷಿಸಿ ತಿಳಿಯಬಹುದು. "ಎಲ್ಲಾ ನನ್ನ ಕರ್ಮ" ಎಂದು ನಿಟ್ಟುಸಿರು ಬಿಡುವವರು ಬುದ್ಧರ ಮಾತನ್ನು ಹೇಳುತ್ತಿಲ್ಲ ಎಂದಾಯಿತು.

ಸದ್ದು ಎಂದರೇನು ಎಂಬುದಕ್ಕೆ ಅದೇ ಸಂಯುತ್ತ ನಿಕಾಯದಲ್ಲಿ ವೀಣೆಯ ಒಂದು ಉಪಮೆ ಇದೆ. ವೀಣೆಯ ನಾದವನ್ನು ಎಂದೂ ಕೇಳದಿದ್ದ ರಾಜನೊಬ್ಬ ಮೊದಲ ಸಲ ಕೇಳಿ ಮರುಳಾದ. ಅದೇನೆಂದು ವಿಚಾರಿಸಿದ. ವೀಣೆ ಎಂದರು, ತಂದುಕೊಟ್ಟರು. ನನಗೆ ಈ ಮರ ಬೇಡ, ಆ ನಾದವನ್ನು ಮಾತ್ರ ತಂದುಕೊಡಿ ಎಂದ. ಪರಿವಾರದವರು ತಿಳಿಸಿ ಹೇಳಿದರು: ಬುರುಡೆ, ಚರ್ಮ, ದಂಡಿ, ತಂತಿ, ಮೀಟುಗೋಲು, ನುಡಿಸುವವನ ಪ್ರಯತ್ನ, ಇಷ್ಟೆಲ್ಲ ಕೂಡಿದಾಗ ನಾದ, ಇಲ್ಲದಿದ್ದರೆ ಇಲ್ಲ. ರಾಜ ಕೇಳಲಿಲ್ಲ. ವೀಣೆಯನ್ನು ಸೀಳಿದ, ಚೂರು ಮಾಡಿದ, ಸುಟ್ಟು ಬೂದಿ ಮಾಡಿ ಗಾಳಿಗೆ ತೂರಿದ. ನಾದ ಸಿಗಲಿಲ್ಲ. ವೀಣೆ ಎಂಬುದೇ ಕೆಲಸಕ್ಕೆ ಬಾರದ ವಸ್ತು ಎಂದು ಬೈದು ಸುಮ್ಮನಾದ. ಹೆಸರಿನಲ್ಲೇ ಬೂದಿಯನ್ನು ಇಟ್ಟುಕೊಂಡ ಊರಿನವರು ನಾವು, ಈ ಕಥೆಯನ್ನು ಮರೆಯಬಾರದು. ಸದ್ದು ಬರದ ಸಿಟ್ಟಿಗೆ ಕೀಬೋರ್ಡನ್ನು ಗುದ್ದುವ, ಹೆಡ್‌ಫೋನನ್ನು ಗೋಡೆಗೆ ಎಸೆಯುವ ಹುಡುಗ ಆ ರಾಜನ ಕಡೆಯವನೇ. ಸದ್ದು ಒಂದು ವಸ್ತು, ಅದು ಎಲ್ಲೋ ಒಳಗೆ ಕೂತಿದೆ, ಕೊಡದೆ ಸತಾಯಿಸುತ್ತಿದೆ ಎಂದು ಇಬ್ಬರೂ ನಂಬಿದ್ದಾರೆ.

ಈಗ ಕಂಪ್ಯೂಟರಿನ ವೀಣೆಯನ್ನು ಸುಡದೆ ಬಿಚ್ಚಿ ನೋಡೋಣ. ಗೇಮ್ ಒಂದು ಸದ್ದನ್ನು ಅಂಕಿಗಳಾಗಿ ತಯಾರಿಸುತ್ತದೆ. ವಿಂಡೋಸ್‌ನೊಳಗಿನ ಆಡಿಯೋ ಸರ್ವಿಸ್ ಆ ಅಂಕಿಗಳನ್ನು ಬೇರೆ ಪ್ರೋಗ್ರಾಮ್‌ಗಳ ಸದ್ದಿನ ಜೊತೆ ಬೆರೆಸುತ್ತದೆ. ಡ್ರೈವರ್ ಎಂಬ ತಂತ್ರಾಂಶ ಅದನ್ನು ಸೌಂಡ್ ಚಿಪ್‌ಗೆ ಅರ್ಥವಾಗುವಂತೆ ದಾಟಿಸುತ್ತದೆ. ಚಿಪ್ ಅದನ್ನು ವಿದ್ಯುತ್ ಕಂಪನವಾಗಿ ಮಾಡುತ್ತದೆ, ವೈರು ಒಯ್ಯುತ್ತದೆ, ಸ್ಪೀಕರಿನ ಹಾಳೆ ಗಾಳಿಯನ್ನು ಅಲುಗಿಸುತ್ತದೆ. ಆಮೇಲೆ ಕಿವಿ. ಇದರಲ್ಲಿ ಯಾವುದು ಸದ್ದು? ಯಾವುದೂ ಅಲ್ಲ. ಯಾವುದನ್ನು ತೆಗೆದರೂ ಸದ್ದಿಲ್ಲ.

ಹಾಗಾಗಿ "ಸದ್ದು ಎಲ್ಲಿ ಹೋಯಿತು?" ಎಂಬ ಪ್ರಶ್ನೆಯಲ್ಲೇ ತಪ್ಪಿದೆ. ಅದು ಎಲ್ಲಿಗೂ ಹೋಗಿಲ್ಲ. "ಯಾವ ಪ್ರತ್ಯಯ ಕಳಚಿದೆ?" ಎಂದು ಕೇಳಿದರೆ ಆ ಪ್ರಶ್ನೆಗೆ ಉತ್ತರವಿದೆ. ಹೀಗೆ ಬುಡದಿಂದ ಕೇಳುವುದಕ್ಕೆ ಯೋನಿಸೋ ಮನಸಿಕಾರ ಎಂದು ಹೆಸರು.

ಕೇಳುತ್ತಾ ಹೋಗೋಣ. ಮೊದಲು, ಸದ್ದು ಪೂರ್ತಿ ನಿಂತಿದೆಯೋ, ಗೇಮಿನದು ಮಾತ್ರ ನಿಂತಿದೆಯೋ? ಒಂದು ಹಾಡು ಹಾಕಿ ನೋಡಿದರೆ ಗೊತ್ತಾಗುತ್ತದೆ. ಹಾಡು ಕೇಳಿಸಿದರೆ ಸ್ಪೀಕರು, ವೈರು, ಡ್ರೈವರು ಮೂರೂ ನಿರ್ದೋಷಿಗಳು. ಕೆಳಗಿನ ಮೂಲೆಯ ಸ್ಪೀಕರ್ ಚಿತ್ರದ ಮೇಲೆ ಬಲಗಡೆ ಕ್ಲಿಕ್ ಮಾಡಿ ವಾಲ್ಯೂಮ್ ಮಿಕ್ಸರ್ ತೆರೆದರೆ ಪ್ರತಿಯೊಂದು ಪ್ರೋಗ್ರಾಮಿಗೂ ಬೇರೆ ಬೇರೆ ಸದ್ದಿನ ಅಳತೆ ಇರುವುದು ಕಾಣುತ್ತದೆ. ಗೇಮಿನ ಅಳತೆ ಸೊನ್ನೆಗೆ ಬಂದಿರಬಹುದು.

ಹಾಡೂ ಕೇಳಿಸದಿದ್ದರೆ, ಸದ್ದು ಯಾವ ಕಡೆಗೆ ಹೋಗುತ್ತಿದೆ ಎಂದು ನೋಡಬೇಕು. ಟಿವಿಗೋ ಮಾನಿಟರಿಗೋ ಎಚ್‌ಡಿಎಂಐ ಕೇಬಲ್ ಹಾಕಿದ ಕೂಡಲೇ ಎಷ್ಟೋ ಸಲ ಕಂಪ್ಯೂಟರ್ ಸದ್ದನ್ನೂ ಆ ಕಡೆಗೇ ಕಳಿಸುತ್ತದೆ. ಆ ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೆ ಮೌನ. ಸರಿಯಾದ ಕಡೆಗೆ ತಿರುಗಿಸಿದ ಮೇಲೂ ಕೆಲವು ಗೇಮ್‌ಗಳು ಸುಮ್ಮನೇ ಇರುತ್ತವೆ, ಏಕೆಂದರೆ ಅವು ಶುರುವಾದಾಗ ಕಂಡ ಸಾಧನವನ್ನೇ ಹಿಡಿದುಕೊಂಡಿರುತ್ತವೆ. ಗೇಮನ್ನು ಮುಚ್ಚಿ ಮತ್ತೆ ತೆರೆಯಬೇಕು.

ಬ್ಲೂಟೂತ್ ಹೆಡ್‌ಸೆಟ್‌ನದು ಇನ್ನೊಂದು ಬಗೆ. ಅದರಲ್ಲಿ ಎರಡು ದಾರಿಗಳಿವೆ. ಒಂದು, ಚೆನ್ನಾಗಿ ಕೇಳುವುದಕ್ಕೆ ಮಾತ್ರ. ಇನ್ನೊಂದು, ಕೇಳುವುದಕ್ಕೂ ಮಾತಾಡುವುದಕ್ಕೂ. ಸಾಮಾನ್ಯವಾಗಿ ಎರಡೂ ಒಟ್ಟಿಗೆ ನಡೆಯುವುದಿಲ್ಲ. ಸ್ನೇಹಿತನೊಡನೆ ಮಾತಾಡಲು ಮೈಕ್ ತೆರೆದ ಕ್ಷಣ ಹೆಡ್‌ಸೆಟ್ ಎರಡನೆಯ ದಾರಿಗೆ ಹೊರಳುತ್ತದೆ. ಗೇಮ್ ಮೊದಲನೆಯ ದಾರಿಯನ್ನು ಹಿಡಿದಿದ್ದರೆ ಅದರ ಸದ್ದು ಅಲ್ಲಿಗೇ ಕಡಿದುಹೋಗುತ್ತದೆ. ಮಾತಿಗೆ ಲ್ಯಾಪ್‌ಟಾಪಿನ ಮೈಕನ್ನು ಆರಿಸಿಕೊಂಡರೆ ತೊಂದರೆ ಇಲ್ಲ. ಇದಲ್ಲದೆ ವಿಂಡೋಸ್‌ನಲ್ಲಿ ಇನ್ನೊಂದು ಏರ್ಪಾಡು ಇದೆ: ಕಾಲ್ ನಡೆಯುತ್ತಿದೆ ಎಂದು ಅದಕ್ಕೆ ಅನ್ನಿಸಿದರೆ ಮಿಕ್ಕೆಲ್ಲ ಸದ್ದನ್ನು ತಾನಾಗಿಯೇ 80 ಶೇಕಡ ತಗ್ಗಿಸುತ್ತದೆ. ಸೌಂಡ್ ಸೆಟ್ಟಿಂಗಿನ ಕಮ್ಯುನಿಕೇಷನ್ಸ್ ಎಂಬ ಪುಟದಲ್ಲಿ ಇದನ್ನು ಬೇಡ ಎನ್ನಬಹುದು. ಒಂದೇ ಪ್ರೋಗ್ರಾಮ್ ಸಾಧನವನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಂಡು ಬೇರೆಯವರ ಬಾಯಿ ಮುಚ್ಚಿಸುವುದೂ ಉಂಟು. ಆ ಅನುಮತಿಯನ್ನೂ ಅಲ್ಲಿಯೇ, ಸಾಧನದ ಅಡ್ವಾನ್ಸ್ಡ್ ಪುಟದಲ್ಲಿ ತೆಗೆದುಹಾಕಬಹುದು. ಇವೆಲ್ಲ ಸರಿ ಇದ್ದರೆ ವಿಂಡೋಸ್ ಆಡಿಯೋ ಸರ್ವಿಸನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದು. ಅದಾದ ಮೇಲೆ ಡ್ರೈವರ್.

ಇಲ್ಲಿ ಒಂದು ಶಿಸ್ತು ಇದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೇಳಿ ನೋಡಬೇಕು. ಗಡಿಬಿಡಿಯಲ್ಲಿ ಐದನ್ನು ಒಟ್ಟಿಗೆ ಬದಲಿಸಿದರೆ ಸದ್ದು ಬಂದರೂ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ, ನಾಳೆ ಮತ್ತೆ ಇದೇ ಪಾಡು. ಕಂಪ್ಯೂಟರನ್ನು ಆರಿಸಿ ಹಚ್ಚುವುದೂ ಹಾಗೆಯೇ. ಎಲ್ಲ ಪ್ರತ್ಯಯಗಳೂ ಹೊಸದಾಗಿ ಜೋಡಣೆಯಾಗಿ ಸದ್ದು ಬರುತ್ತದೆ, ಕೆಲಸವಾಗುತ್ತದೆ. ತಪ್ಪೇನೂ ಇಲ್ಲ. ಆದರೆ ಅದನ್ನು ತಿಳಿವಳಿಕೆ ಎಂದುಕೊಳ್ಳಬಾರದು. ಜಗಳವಾದಾಗ ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಏನೂ ಆಗದವರಂತೆ ಕಾಫಿ ಕುಡಿಯುವ ಮನೆಗಳಲ್ಲಿ ನಡೆಯುವುದೂ ಆರಿಸಿ ಹಚ್ಚುವುದೇ.

ಕೆಟ್ಟಿರುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಇದು ನಮ್ಮ ಸೀಮೆಗೆ ಹೊಸದಲ್ಲ. 1902ರಲ್ಲಿ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಬಂದದ್ದು ಶಿವನಸಮುದ್ರದಿಂದ, ಸುಮಾರು 147 ಕಿಲೋಮೀಟರ್ ದೂರದಿಂದ. ಬೇಸಿಗೆಯಲ್ಲಿ ಕಾವೇರಿಯ ನೀರು ಇಳಿದರೆ ಇಲ್ಲಿನ ಗಣಿಯ ಯಂತ್ರಕ್ಕೆ ಬಲ ಸಾಲದು. ಆಗ ಚಾಂಪಿಯನ್ ರೀಫ್‌ನಲ್ಲಿ ನಿಂತು ದೀಪದ ಬುರುಡೆಯನ್ನು ಬೈದು ಏನು ಪ್ರಯೋಜನ? 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು, ಗಣಿಗಳಿಗೆ ಹೋಗುವ ಈ ವಿದ್ಯುತ್ತಿಗೆ ವರ್ಷವಿಡೀ ನೀರು ಬೇಕಾಗಿದ್ದದ್ದು ಒಂದು ಮುಖ್ಯ ಕಾರಣ. ಇಲ್ಲಿ ಕಂಡ ಕೊರತೆಗೆ ಅಲ್ಲಿ ಕಟ್ಟೆ ಕಟ್ಟಿದರು. ಪ್ರತ್ಯಯವನ್ನು ಹುಡುಕಿಕೊಂಡು ಹೋದವರು ಮಾಡುವ ಕೆಲಸ ಇದು.

ಇಷ್ಟು ಯಂತ್ರದ ಮಾತಾಯಿತು. ಧಮ್ಮದ ನಿಜವಾದ ಪ್ರಶ್ನೆ ಮುಂದೆ ಇದೆ. ಮೇಲೆ ಮೂರು ಮಾತುಗಳನ್ನು ಹೇಳಿದೆ. ಮನೆಗಳಲ್ಲಿ ಅವೆಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ನಾಲ್ಕನೆಯ ಮಾತೊಂದಿದೆ: "ಯಾರು ಮುಟ್ಟಿದ್ದು?"

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ನಮ್ಮಲ್ಲಿ ಯಾರ ಮನೆಯೂ ಆಗಬಹುದು. ಪಿಯುಸಿ ಓದುವ ಹುಡುಗ ಭಾನುವಾರ ರಾತ್ರಿ ಸ್ನೇಹಿತರ ಜೊತೆ ಆಡುತ್ತಿದ್ದಾನೆ. ಎದುರಾಳಿಯ ಹೆಜ್ಜೆ ಸದ್ದನ್ನು ಕೇಳಿಯೇ ಗುರಿ ಇಡಬೇಕಾದ ಆಟ. ಸದ್ದು ಹೋಯಿತು. ಎರಡೇ ಕ್ಷಣದಲ್ಲಿ ಸೋತ. ಪಕ್ಕದಲ್ಲಿ ತಂಗಿ ತನ್ನ ಪುಸ್ತಕ ತೆಗೆದುಕೊಳ್ಳಲು ಬಂದಿದ್ದಾಳೆ. "ಏಯ್, ವೈರ್ ಯಾಕೇ ಮುಟ್ಟಿದೆ? ದರಿದ್ರ!" "ನಾನೇನೂ ಮುಟ್ಟಿಲ್ಲ ಅಣ್ಣಾ." "ಸುಳ್ಳು ಬೇರೆ ಹೇಳ್ತೀಯಾ?" ಅಡುಗೆಮನೆಯಿಂದ ತಾಯಿ, "ಮಗೂನ ಯಾಕೋ ಹಂಗೆ ಬೈತೀಯಾ?" "ನೀನೇ ಅಲ್ವಾ ಬೆಳಿಗ್ಗೆ ಕಸ ಗುಡಿಸಿ ಎಲ್ಲಾ ಎಳೆದಾಡಿದ್ದು!" ಹತ್ತು ನಿಮಿಷದ ಮೇಲೆ ಗೊತ್ತಾಗುವುದೇನು? ಸ್ನೇಹಿತನ ಕಾಲ್ ತೆಗೆದುಕೊಂಡಾಗ ಹೆಡ್‌ಸೆಟ್‌ನ ಮೈಕ್ ತೆರೆದಿತ್ತು, ದಾರಿ ಬದಲಾಗಿತ್ತು. ತಂಗಿ ಮುಟ್ಟಿರಲಿಲ್ಲ. ತಾಯಿ ಗುಡಿಸಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಹೆಡ್‌ಸೆಟ್ಟಿಗೆ ವೈರೇ ಇರಲಿಲ್ಲ.

ಸದ್ದು ಹತ್ತು ನಿಮಿಷದಲ್ಲಿ ವಾಪಸು ಬಂತು. ಆ ಹತ್ತು ನಿಮಿಷದಲ್ಲಿ ಆಡಿದ "ದರಿದ್ರ" ಎಂಬ ಮಾತನ್ನು ವಾಪಸು ತರುವ ಸೆಟ್ಟಿಂಗ್ ಯಾವ ಪುಟದಲ್ಲಿಯೂ ಇಲ್ಲ.

ಕಾರಣವನ್ನು ಹುಡುಕುವುದೂ ಅಪರಾಧಿಯನ್ನು ಹುಡುಕುವುದೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಎರಡೂ "ಏಕೆ" ಎಂದೇ ಶುರುವಾಗುತ್ತವೆ. ಕಾರಣ ಹುಡುಕುವವನು ತನ್ನ ಊಹೆ ತಪ್ಪಾದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಾನೆ. ಅಪರಾಧಿಯನ್ನು ಹುಡುಕುವವನು ಊಹೆಗೆ ಸರಿಯಾದ ಮುಖವೊಂದು ಸಿಕ್ಕ ಕೂಡಲೇ ನಿಲ್ಲುತ್ತಾನೆ. ಆ ಮುಖ ಸಾಮಾನ್ಯವಾಗಿ ಹತ್ತಿರದಲ್ಲಿರುವವರದು, ತಿರುಗಿ ಮಾತಾಡಲಾರದವರದು. ತಂಗಿ, ತಾಯಿ, ಅಂಗಡಿಯ ಕೆಲಸದ ಹುಡುಗ, ಹೊಸದಾಗಿ ಬಂದ ಸೊಸೆ. ಅವನಿಗೆ ಬೇಕಾಗಿದ್ದದ್ದು ಉತ್ತರ ಅಲ್ಲ, ಒಳಗೆ ಎದ್ದ ಉರಿಯನ್ನು ಇಳಿಸಲು ಒಂದು ಜಾಗ. ನಮ್ಮ ಜನ ತಲೆತಲಾಂತರದಿಂದ ಯಾರದೋ ಬರಗಾಲಕ್ಕೆ, ಯಾರದೋ ರೋಗಕ್ಕೆ, ಯಾರದೋ ಅಪಶಕುನಕ್ಕೆ ಇಂಥ ಜಾಗವಾಗಿ ಬದುಕಿದವರು. ಆ ನೋವು ಗೊತ್ತಿರುವವರೇ ಮನೆಯೊಳಗೆ ಅದನ್ನು ಮಾಡಬಾರದು.

ಇಲ್ಲಿ ಯಾರಾದರೂ ಕೇಳಬಹುದು: "ಎಲ್ಲವೂ ಪ್ರತ್ಯಯಗಳಿಂದ ಎಂದ ಮೇಲೆ ಆ ಹುಡುಗ ಬೈದದ್ದೂ ಪ್ರತ್ಯಯದಿಂದಲೇ ಅಲ್ಲವೇ? ಸದ್ದು ನಿಂತದ್ದಕ್ಕೆ ತಂಗಿ ಹೊಣೆಯಲ್ಲ ಎಂದರೆ, ಬೈಗುಳಕ್ಕೆ ಅವನು ಮಾತ್ರ ಹೇಗೆ ಹೊಣೆ?" ಪ್ರಶ್ನೆ ಸರಿಯಾಗಿದೆ, ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಭಗವಾನರು ಕಮ್ಮ ಎಂದರೆ ಚೇತನಾ ಎಂದರು. ಮನಸ್ಸು ಒಂದು ಕಡೆಗೆ ಬಾಗಿ, ಹೀಗೆ ಮಾಡುತ್ತೇನೆ ಎಂದು ಹೊರಡುವುದು. ಹೆಡ್‌ಸೆಟ್ ದಾರಿ ಬದಲಿಸುವಾಗ ಅದರಲ್ಲಿ ಚೇತನಾ ಇಲ್ಲ. ಸೋಲಿನ ಚುರುಕು ಎದೆಗೆ ತಾಕಿದ್ದರಲ್ಲೂ ಇಲ್ಲ, ಅದು ವೇದನೆ, ಫಸ್ಸದಿಂದ ಎದ್ದದ್ದು. ಅದಕ್ಕೆ ಹುಡುಗನನ್ನು ದೂರುವಂತಿಲ್ಲ. ವೇದನೆಯಾದ ಮೇಲೆ ತಂಗಿಯ ಕಡೆಗೆ ತಿರುಗಿ ಮಾತನ್ನು ಎತ್ತಿಕೊಳ್ಳುವ ಜಾಗದಲ್ಲಿ ಚೇತನಾ ಇದೆ. ಅದಕ್ಕೂ ಪ್ರತ್ಯಯಗಳಿವೆ ನಿಜ: ನಿದ್ದೆಗೆಟ್ಟಿದ್ದು, ಎರಡು ಗಂಟೆ ಊಟ ಬಿಟ್ಟು ಆಡಿದ್ದು, ಮನೆಯಲ್ಲಿ ದೊಡ್ಡವರೂ ಹಾಗೆಯೇ ಬೈಯುವುದನ್ನು ಕೇಳಿ ಬೆಳೆದದ್ದು. ಆದರೆ ಆ ಪ್ರತ್ಯಯಗಳಲ್ಲಿ ಒಂದು, ಕ್ಷಣಕಾಲ ನಿಂತು ನೋಡುವ ಸತಿ, ಅವನ ಕೈಗೆಟುಕುವಂಥದ್ದು. ಕೈಗೆಟುಕುವ ಪ್ರತ್ಯಯ ಎಲ್ಲಿದೆಯೋ ಅಲ್ಲಿ ಹೊಣೆ ಇದೆ. ಹೊಣೆ ಎಂದರೆ ಶಿಕ್ಷೆ ಅನುಭವಿಸುವುದಲ್ಲ, ಬದಲಿಸಬಲ್ಲವನಾಗಿರುವುದು. ಹಾಗಾಗಿ ಪಟಿಚ್ಚಸಮುಪ್ಪಾದ ಹೊಣೆಯನ್ನು ಅಳಿಸುವುದಿಲ್ಲ. ಅದು ಎಲ್ಲಿ ಇಲ್ಲವೋ ಅಲ್ಲಿಂದ ಎತ್ತಿ, ಎಲ್ಲಿ ಇದೆಯೋ ಅಲ್ಲಿ ಇಡುತ್ತದೆ.

ತಂಗಿ ನಿಜವಾಗಿಯೂ ಬೇಕೆಂದೇ ವೈರ್ ಕಿತ್ತಿದ್ದರೆ? ಆಗಲೂ ಕೇಳುವ ಕ್ರಮ ಇದೇ. ಅವಳಿಗೆ ಹೇಳಬೇಕು, ಹೇಳದೆ ಬಿಡುವುದು ಮೈತ್ರಿಯಲ್ಲ. ಆದರೆ ಮಾತು ಸರಿಯಾದ ಹೊತ್ತಿನಲ್ಲಿ, ನಿಜವಾಗಿ, ಮೃದುವಾಗಿ, ಉಪಯೋಗಕ್ಕೆ ಬರುವಂತೆ, ಮೈತ್ರಿಯ ಮನಸ್ಸಿನಿಂದ ಬರಬೇಕು. ಅಂಗುತ್ತರ ನಿಕಾಯ ಹೇಳುವ ಒಳ್ಳೆಯ ಮಾತಿನ ಐದು ಲಕ್ಷಣಗಳು ಇವು. ಅವಳು ಕಿತ್ತದ್ದಕ್ಕೂ ಪ್ರತ್ಯಯ ಇರುತ್ತದೆ. ಒಂದು ವಾರದಿಂದ ಅವಳ ಲೆಕ್ಕದ ಹೋಮ್‌ವರ್ಕಿಗೆ ಆ ಕಂಪ್ಯೂಟರ್ ಸಿಕ್ಕಿಯೇ ಇಲ್ಲದಿರಬಹುದು. ಒಬ್ಬನೇ ಪೂರ್ತಿ ವಶಕ್ಕೆ ತೆಗೆದುಕೊಂಡರೆ ಬೇರೆಯವರಿಗೆ ಸದ್ದಿಲ್ಲ ಎಂಬುದು ಮೇಲೆಯೇ ಬಂತಲ್ಲ.

ಪ್ರತ್ಯಯವನ್ನು ನೋಡುವುದೆಂದರೆ ಎಲ್ಲವನ್ನೂ ಒಪ್ಪಿ ಸುಮ್ಮನಿರುವುದೂ ಅಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳು ಮುಚ್ಚಿದವು. ಒಂದು ನೂರ ಇಪ್ಪತ್ತು ವರ್ಷಗಳ ಕೆಲಸ ನಿಂತಿತು. ಪಾಳಿಯ ಸೈರನ್ ಕೇಳಿ ದಿನ ಎಣಿಸುತ್ತಿದ್ದ ಊರಿನಲ್ಲಿ ಸದ್ದು ಹೋಯಿತು. ಅಲ್ಲಿಯೂ "ನಮ್ಮ ಹಣೆಬರಹ" ಎಂದವರಿದ್ದರು. ಹಣೆಬರಹ ಅಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ, ಅದಿರಿನಲ್ಲಿ ಕಡಿಮೆಯಾಗುತ್ತ ಹೋದ ಚಿನ್ನ, ಒಂದು ಗ್ರಾಂ ತೆಗೆಯುವ ಖರ್ಚು ಅದರ ಬೆಲೆಯನ್ನೇ ಮೀರಿದ್ದು, ಇವು ಪ್ರತ್ಯಯಗಳು. ಮುಚ್ಚಬೇಕೆಂಬ ತೀರ್ಮಾನ, ಮುಚ್ಚಿದ ಮೇಲೆ ಕೆಲಸಗಾರರಿಗೆ ಏನು ಎಂಬ ತೀರ್ಮಾನ, ಇವೂ ಪ್ರತ್ಯಯಗಳೇ. ಆದರೆ ಇವು ಮನುಷ್ಯರ ಚೇತನಾ ಇರುವಂಥವು, ಆದ್ದರಿಂದ ಪ್ರಶ್ನಿಸಬೇಕಾದವು. ಅದಿರನ್ನು ಪ್ರಶ್ನಿಸಿ ಫಲವಿಲ್ಲ, ತೀರ್ಮಾನವನ್ನು ಪ್ರಶ್ನಿಸದೆ ಬಿಟ್ಟರೆ ನ್ಯಾಯವಿಲ್ಲ. ಯಾವುದು ಯಾವುದೆಂದು ಬೇರೆ ಮಾಡಿ ನೋಡುವುದನ್ನು ಈ ಮಣ್ಣಿಗೆ ಕಲಿಸಿದವರು ನಮ್ಮ ಹಿರಿಯರು. ಅಯೋತಿದಾಸ ಪಂಡಿತರು 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಮೇಲೆ ಅದರ ಶಾಖೆ ನಮ್ಮ ಮಾರಿಕುಪ್ಪಂನಲ್ಲೂ ಬೇರುಬಿಟ್ಟಿತು. ಹುಟ್ಟಿನಿಂದ ಬಂದ ಕೀಳುತನ ಎಂಬುದು ಹಣೆಬರಹವಲ್ಲ, ಮನುಷ್ಯರು ಮಾಡಿದ ಏರ್ಪಾಡು, ಮಾಡಿದ್ದನ್ನು ಬಿಚ್ಚಬಹುದು ಎಂಬ ತಿಳಿವಳಿಕೆ ಗಣಿಯ ಲೈನುಗಳಿಗೆ ಬಂದದ್ದು ಹಾಗೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಮಜ್ಝಿಮ ನಿಕಾಯದಲ್ಲಿ ಸಾರಿಪುತ್ತರು ಆನೆಯ ಹೆಜ್ಜೆಯ ಉಪಮೆ ಹೇಳುವಾಗ ಒಂದು ಸೂಕ್ಷ್ಮವನ್ನು ತೋರಿಸುತ್ತಾರೆ. ಕಿವಿ ಸರಿಯಾಗಿದ್ದು, ಸದ್ದು ಕಿವಿಯವರೆಗೆ ಬಂದಿದ್ದರೂ, ಮನಸ್ಸಿನ ಗಮನ ಆ ಕಡೆ ತಿರುಗದಿದ್ದರೆ ಕೇಳುವಿಕೆ ಹುಟ್ಟುವುದಿಲ್ಲ. ಗೇಮಿನ ಸದ್ದು ಜೋರಾಗಿದ್ದ ಆ ಎರಡು ಗಂಟೆಗಳಲ್ಲಿ "ಊಟಕ್ಕೆ ಬಾರೋ" ಎಂದು ತಾಯಿ ನಾಲ್ಕು ಸಲ ಕರೆದಿದ್ದರು. ಆ ಸದ್ದಿಗೆ ಡ್ರೈವರ್ ಬೇಡ, ಕೇಬಲ್ ಬೇಡ. ಅಲ್ಲಿ ಕಳಚಿದ್ದ ಪ್ರತ್ಯಯ ಗಮನ ಒಂದೇ. ಮಕ್ಕಳನ್ನಷ್ಟೇ ಹೇಳುವುದು ಬೇಡ. ಮೊಬೈಲ್ ಹಿಡಿದು ಈ ಸಂದೇಶವನ್ನು ಓದುತ್ತಿರುವ ನಮ್ಮನ್ನೂ ಈಗ ಯಾರಾದರೂ ಕರೆಯುತ್ತಿರಬಹುದು.

ಇಂದಿನ ಅಭ್ಯಾಸ:

1. ಇವತ್ತು ಏನಾದರೂ ಕೆಟ್ಟರೆ, ಅದು ಮಿಕ್ಸಿ ಇರಲಿ, ಬೈಕ್ ಇರಲಿ, ಬೋರ್‌ವೆಲ್ ಮೋಟಾರ್ ಇರಲಿ, "ಯಾರು?" ಎಂದು ಬಾಯಿಗೆ ಬಂದದ್ದನ್ನು ತಡೆದು "ಯಾವುದು?" ಎಂದು ಕೇಳಿ.

2. ಉತ್ತರ ಸಿಗುವವರೆಗೆ ಯಾರ ಹೆಸರನ್ನೂ ಎತ್ತಬೇಡಿ. ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿ.

3. ರಾತ್ರಿ ಮಲಗುವ ಮುಂಚೆ, ಇವತ್ತು ಕಿವಿಗೆ ಬಿದ್ದೂ ನಾನು ಕೇಳದೆ ಬಿಟ್ಟ ದನಿ ಯಾರದು ಎಂದು ಒಂದು ನಿಮಿಷ ನೆನಪು ಮಾಡಿಕೊಳ್ಳಿ. ನಾಳೆ ಮೊದಲು ಅವರ ಹತ್ತಿರ ಮಾತಾಡಿ.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಇದನ್ನು ಓದಿ ಹೇಳಿ. ಹೆಡ್‌ಸೆಟ್ ತೆಗೆಸಿ ಓದಿ.

ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು. 🙏

ಬೂದಿಕೋಟೆಯ ಧಮ್ಮ ಅಧ್ಯಯನ ಬಳಗದಿಂದ